ಮುಕ್ತ ಕಾರ್ಯಾಚರಣೆ ವ್ಯವಸ್ಥೆಗಳಲ್ಲಿ ವೈಜ್ಞಾನಿಕ ಗಣನೆಯ ತಂತ್ರಾಂಶ ಹಾಕಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್‌ಪೈ, ಸೈಪೈ (ಪೈಥಾನ್‌ನ ಗಣಿತ ಲೈಬ್ರರಿಗಳು), ಆಕ್ಟೇವ್, ಆರ್, ಜೂಲಿಯಾ (ಗಣನೆಯ ಭಾಷೆಗಳು), ಎಂಪಿಐ (ಹಲವು ಪ್ರಕ್ರಿಯೆಗಳು ಸಂದೇಶ ಹಂಚಿಕೊಂಡು ದುಡಿಯುವ ಪದ್ಧತಿ) ಇವುಗಳಲ್ಲಿ ಯಾವುದನ್ನಾದರೂ ಲಿನಕ್ಸ್‌ನ ಒಂದು ವಿತರಣೆಯಲ್ಲೋ ಬಿಎಸ್‌ಡಿ ಬಳಗದ ವ್ಯವಸ್ಥೆಯಲ್ಲೋ ಹಾಕಿಕೊಳ್ಳಲು ಹೊರಟವರಿಗೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಲಾಗಿದೆ. ಆದೇಶಗಳ ಮತ್ತು ಕಡತಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಅವುಗಳನ್ನು ರೋಮನ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಪ್ರಶ್ನೆ: ನಮ್‌ಪೈ ಒಂದನ್ನೇ ಹಾಕಲು ನಾಲ್ಕು ದಾರಿಗಳು ಕಾಣುತ್ತವೆ. ಯಾವುದು ಸರಿ?

ನಾಲ್ಕೂ ಸರಿಯೇ, ನಾಲ್ಕನ್ನೂ ಬೆರೆಸುವುದು ಮಾತ್ರ ತಪ್ಪು. ವಿತರಣೆಯ ಸ್ವಂತ ಭಂಡಾರದಿಂದ ಆಪ್ಟ್, ಡಿಎನ್‌ಎಫ್, ಝಿಪ್ಪರ್, ಪ್ಯಾಕ್‌ಮ್ಯಾನ್ ಅಥವಾ ಪಿಕೆಜಿ ಮೂಲಕ ತರಿಸಿಕೊಳ್ಳಬಹುದು. ಪೈಥಾನ್‌ಗೆ ಪ್ಯಾಕೇಜು ತರುವ ಸಾಧನವಾದ ಪಿಪ್ ಬಳಸಬಹುದು. ವಿತರಣೆಯನ್ನು ಅವಲಂಬಿಸದ ಪ್ಯಾಕೇಜ್ ನಿರ್ವಾಹಕವಾದ ಕೊಂಡಾದಿಂದ ಪರಿಸರವೊಂದನ್ನು, ಅಂದರೆ ಪ್ಯಾಕೇಜುಗಳ ಪ್ರತ್ಯೇಕ ಗುಂಪೊಂದನ್ನು, ಕಟ್ಟಿಕೊಳ್ಳಬಹುದು. ಮೂಲ ಸಂಕೇತವನ್ನು ತಂದು ನಾವೇ ಕಂಪೈಲ್ ಮಾಡಬಹುದು. ಯಾವ ಕಂಪೈಲರ್, ಯಾವ ಫೋರ್ಟ್ರಾನ್ ಲೈಬ್ರರಿ, ಯಾವ ಬ್ಲಾಸ್ (ಮ್ಯಾಟ್ರಿಕ್ಸ್ ಲೆಕ್ಕದ ಲೈಬ್ರರಿ, ವಿವರ ಕೆಳಗಿದೆ) ಎಂಬುದನ್ನು ಪ್ರತಿಯೊಂದು ದಾರಿಯೂ ತನಗೆ ಬೇಕಾದಂತೆ ಮೊದಲೇ ನಿರ್ಧರಿಸಿಕೊಂಡಿರುತ್ತದೆ. ಆದ್ದರಿಂದ ಎರಡು ದಾರಿಗಳ ಪ್ಯಾಕೇಜುಗಳನ್ನು ಒಂದೇ ಪರಿಸರದಲ್ಲಿ ಕೂಡಿಸಿದರೆ ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎಂಬಂತಾಗುತ್ತದೆ, ಮತ್ತು ಅದರ ಪರಿಣಾಮ ಹಾಕಿದ ದಿನವೇ ಕಾಣದೆ ತಿಂಗಳು ಕಳೆದು ಯಾವುದೋ ಅಪ್‌ಡೇಟ್ ಆದ ಮೇಲೆ ಕಾಣುತ್ತದೆ.

ನನ್ನ ಸಲಹೆ ಇಷ್ಟು. ಕಲಿಯಲು, ಅಥವಾ ಇಂಥದೇ ಆವೃತ್ತಿ ಬೇಕೆಂಬ ಹಟವಿಲ್ಲದ ಕೆಲಸಕ್ಕೆ, ವಿತರಣೆಯ ಪ್ಯಾಕೇಜು ಸಾಕು. ಒಂದು ಯೋಜನೆಗೆ ನಿರ್ದಿಷ್ಟ ಆವೃತ್ತಿಗಳು ಬೇಕಾದರೆ ಆ ಯೋಜನೆಗೆಂದೇ ಪ್ರತ್ಯೇಕ ಪರಿಸರವನ್ನು ಪಿಪ್‌ನಿಂದಲೋ ಕೊಂಡಾದಿಂದಲೋ ಮಾಡಿ, ಅದರೊಳಗೆ ಬೇರೆ ಮೂಲದ ಪ್ಯಾಕೇಜನ್ನು ತರಬೇಡಿ. ಜೂಲಿಯಾ ಇದಕ್ಕೆ ಅಪವಾದ: ಅದು ತನಗಾಗಿ ತಿದ್ದಿದ ಎಲ್‌ಎಲ್‌ವಿಎಂ (ಕಂಪೈಲರ್‌ನ ತಳಹದಿ) ಆವೃತ್ತಿಯನ್ನೇ ಬಳಸುವುದರಿಂದ, ವಿತರಣೆಯ ಪ್ಯಾಕೇಜಿಗಿಂತ ಜೂಲಿಯಾಅಪ್ ಮೂಲಕ ಬರುವ ಅಧಿಕೃತ ಕಟ್ಟೋಣವೇ ಲೇಸು.

ಪ್ರಶ್ನೆ: ಡೆಬಿಯನ್‌ನಲ್ಲಿ ಪಿಪ್ ಇನ್‌ಸ್ಟಾಲ್ ಎಂದರೆ, ಈ ಪರಿಸರವು ಹೊರಗಿನಿಂದ ನಿರ್ವಹಿಸಲ್ಪಡುತ್ತಿದೆ ಎಂದು ದೋಷ ಬರುತ್ತದೆ. ಏಕೆ?

2023ರಲ್ಲಿ ಬಂದ ಡೆಬಿಯನ್ 12 ಮತ್ತು ಉಬುಂಟು 23.04ರಿಂದ ಈ ತಡೆ ಜಾರಿಯಲ್ಲಿದೆ. ವ್ಯವಸ್ಥೆಯ ಪೈಥಾನ್ ಮೇಲೆ ವಿತರಣೆಯ ಅನೇಕ ಸಾಧನಗಳು ನಿಂತಿವೆ. ಅದರ ಪ್ಯಾಕೇಜುಗಳನ್ನು ಪಿಪ್ ಬದಲಿಸಿದರೆ ಆ ಸಾಧನಗಳೇ ಕುಸಿಯಬಹುದು. ಹಿಂದೆ ಸುಡೋ ಪಿಪ್ ಎಂದು ಹೊಡೆದು, ಮರುದಿನ ಪ್ಯಾಕೇಜ್ ನಿರ್ವಾಹಕವೇ ಏಳದೆ ಕೂತವರಲ್ಲಿ ನಾನೂ ಒಬ್ಬ. ತಡೆಯನ್ನು ಮೀರಲು ಬ್ರೇಕ್-ಸಿಸ್ಟಂ-ಪ್ಯಾಕೇಜಸ್ ಎಂಬ ಆಯ್ಕೆ ಇದೆ, ಅದು ಏನು ಮಾಡುತ್ತದೆಂಬುದನ್ನು ಅದರ ಹೆಸರೇ ಹೇಳುತ್ತದೆ.

ಸರಿಯಾದ ದಾರಿಯೆಂದರೆ ಮೊದಲು ಆಪ್ಟ್‌ನಿಂದ ಪೈಥಾನ್3-ವೆನ್ವ್ ಪ್ಯಾಕೇಜನ್ನು ಹಾಕಿ, ಯೋಜನೆಯ ಕಡತಕೋಶದೊಳಗೆ ವೆನ್ವ್ ಪರಿಸರವನ್ನು ಸೃಷ್ಟಿಸಿ, ಅದನ್ನು ಸಕ್ರಿಯಗೊಳಿಸಿ, ಆಮೇಲೆ ಪಿಪ್ ಬಳಸುವುದು. ಇಲ್ಲಿ ಇನ್ನೊಂದು ಗುಪ್ತ ಬಲೆ ಇದೆ. ಹಿಂದೆಂದೋ ಯೂಸರ್ ಆಯ್ಕೆಯೊಂದಿಗೆ ಪಿಪ್ ಹಾಕಿದ ಪ್ಯಾಕೇಜುಗಳು ಮನೆ ಕಡತಕೋಶದೊಳಗಿನ ಡಾಟ್-ಲೋಕಲ್‌ನಲ್ಲಿ ಉಳಿದಿರುತ್ತವೆ, ಮತ್ತು ಅವು ವಿತರಣೆಯ ಪ್ಯಾಕೇಜುಗಳಿಗಿಂತ ಮೊದಲು ಎತ್ತಿಕೊಳ್ಳಲ್ಪಡುತ್ತವೆ. ಪೈಥಾನ್ ಆವೃತ್ತಿ ಒಂದೇ ಆಗಿದ್ದರೆ ಕೊಂಡಾ ಪರಿಸರದೊಳಕ್ಕೂ ಅವು ನುಸುಳುತ್ತವೆ. ನಮ್‌ಪೈ 1ರ ಕಾಲದಲ್ಲಿ ಕಂಪೈಲ್ ಆದ ಮಾಡ್ಯೂಲು 2024ರ ಜೂನ್‌ನಲ್ಲಿ ಬಂದ ನಮ್‌ಪೈ 2ರೊಂದಿಗೆ ನಡೆಯದು ಎಂಬ ದೂರು ಹೊಚ್ಚ ಹೊಸ ಪರಿಸರದಲ್ಲೂ ಕಾಣಿಸಿಕೊಂಡರೆ ಮೊದಲು ಇಣುಕಿ ನೋಡಬೇಕಾದ ಜಾಗ ಇದೇ. ಪೈಥಾನ್ ಅನ್ನು ಹೈಫನ್ ಎಸ್ (ಸಣ್ಣಕ್ಷರ) ಆಯ್ಕೆಯೊಂದಿಗೆ ನಡೆಸಿದಾಗ ದೋಷ ಮಾಯವಾದರೆ ಅನುಮಾನ ಖಚಿತವಾದಂತೆ.

ಪ್ರಶ್ನೆ: ಎಲ್ಲವೂ ಸರಿಯಾಗಿ ಹಾಕಿಕೊಂಡಿದೆ, ಉತ್ತರವೂ ಸರಿ ಬರುತ್ತಿದೆ. ಆದರೆ ಗೆಳೆಯರ ಯಂತ್ರಕ್ಕೆ ಹೋಲಿಸಿದರೆ ತೀರಾ ನಿಧಾನ. ಕಾರಣವೇನು?

ಹತ್ತರಲ್ಲಿ ಹಲವು ಬಾರಿ ಉತ್ತರ ಒಂದೇ: ಬ್ಲಾಸ್. ಸದಿಶಗಳ ಸಂಕಲನ ಮುಂತಾದ ಮೂಲ ಕ್ರಿಯೆಗಳಿಗೆ 1979ರಲ್ಲಿ ಪ್ರಕಟವಾಗಿ, ಆಮೇಲೆ ಮ್ಯಾಟ್ರಿಕ್ಸ್‌ಗಳ ಗುಣಾಕಾರಕ್ಕೂ ವಿಸ್ತರಿಸಿದ ಈ ಮಾನದಂಡದ ಮೇಲೆ, ಸಮೀಕರಣ ಗುಂಪುಗಳನ್ನು ಬಿಡಿಸುವ, 1992ರಲ್ಲಿ ಬಂದ ಲಾಪ್ಯಾಕ್ ಲೈಬ್ರರಿ ನಿಂತಿದೆ. ಅವೆರಡರ ಮೇಲೆ ನಮ್‌ಪೈ, ಆಕ್ಟೇವ್, ಆರ್ ಎಲ್ಲವೂ ನಿಂತಿವೆ. ಬ್ಲಾಸ್ ಎಂಬುದು ಒಂದೇ ಲೈಬ್ರರಿಯಲ್ಲ, ಒಂದು ಒಪ್ಪಂದ. ಆ ಒಪ್ಪಂದವನ್ನು ನೆಟ್‌ಲಿಬ್‌ನ ಮಾದರಿ ಆವೃತ್ತಿಯೂ ಪೂರೈಸುತ್ತದೆ, ಪ್ರೊಸೆಸರ್‌ನ ಕ್ಯಾಶ್ ಮತ್ತು ಸದಿಶ ಸೂಚನೆಗಳನ್ನು ಹಿಂಡಿ ಬಳಸುವ ಓಪನ್‌ಬ್ಲಾಸ್ ಮತ್ತು ಬ್ಲಿಸ್ ಸಹ ಪೂರೈಸುತ್ತವೆ. ಕೊನೆಯ ಅಂಕೆಗಳನ್ನು ಬಿಟ್ಟರೆ ಉತ್ತರ ಒಂದೇ, ಹಿಡಿಯುವ ಹೊತ್ತು ಬೇರೆ.

ಒಂದು ಲೆಕ್ಕ ನೋಡೋಣ. 4,000 ಸಾಲು ಮತ್ತು 4,000 ಕಂಬಸಾಲುಗಳ ಎರಡು ಮ್ಯಾಟ್ರಿಕ್ಸ್‌ಗಳನ್ನು ಗುಣಿಸಲು ಸುಮಾರು 12,800 ಕೋಟಿ ಅಂಕಗಣಿತ ಕ್ರಿಯೆಗಳು ಬೇಕು. ಸೆಕೆಂಡಿಗೆ 100 ಕೋಟಿ ಕ್ರಿಯೆಗಳ ದರದಲ್ಲಿ ಮಾದರಿ ಬ್ಲಾಸ್ ಒಂದೇ ಕೋರ್‌ನಲ್ಲಿ ನಡೆದರೆ ಎರಡು ನಿಮಿಷಕ್ಕೂ ಮಿಗಿಲು. ಎಲ್ಲ ಕೋರ್‌ಗಳನ್ನೂ ದುಡಿಸಿಕೊಂಡು ಅದರ ನೂರು ಪಟ್ಟು ದರದಲ್ಲಿ ನಡೆದರೆ ಒಂದೂಕಾಲು ಸೆಕೆಂಡು. ಪ್ರತಿ ಮ್ಯಾಟ್ರಿಕ್ಸ್ 128 ಮೆಗಾಬೈಟ್ ಮಾತ್ರ ಇರುವುದರಿಂದ ಈ ಪರೀಕ್ಷೆಯನ್ನು ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಮಾಡಿ ನೋಡಬಹುದು.

ನಿಮ್ಮಲ್ಲಿ ಯಾವುದು ಇದೆ ಎಂದು ತಿಳಿಯಲು ನಮ್‌ಪೈಯಲ್ಲಿ ಷೋ-ಕಾನ್ಫಿಗ್ ಕರೆಯಿರಿ. ಆರ್‌ನಲ್ಲಿ ಸೆಷನ್‌ಇನ್ಫೊ ಎಂದರೆ ಬ್ಲಾಸ್ ಮತ್ತು ಲಾಪ್ಯಾಕ್ ಕಡತಗಳ ಪೂರ್ಣ ವಿಳಾಸವೇ ಬರುತ್ತದೆ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಓಪನ್‌ಬ್ಲಾಸ್ ಪ್ಯಾಕೇಜನ್ನು ಹಾಕಿ, ಅಪ್‌ಡೇಟ್-ಆಲ್ಟರ್ನೇಟಿವ್ಸ್ ಆದೇಶದಿಂದ ಅದನ್ನು ಆರಿಸಿದರೆ ಯಾವುದನ್ನೂ ಮರಳಿ ಕಂಪೈಲ್ ಮಾಡದೆ ಇಡೀ ವ್ಯವಸ್ಥೆಯ ಆರ್, ಆಕ್ಟೇವ್, ನಮ್‌ಪೈಗಳು ಒಟ್ಟಿಗೆ ವೇಗ ಪಡೆಯುತ್ತವೆ. ಪಿಪ್‌ನಿಂದ ಬಂದ ನಮ್‌ಪೈಗೆ ಮಾತ್ರ ಇದು ತಟ್ಟುವುದಿಲ್ಲ, ಏಕೆಂದರೆ ಅದು ತನ್ನ ಓಪನ್‌ಬ್ಲಾಸ್ ಅನ್ನು ತನ್ನ ಮಡಿಲಲ್ಲೇ ಕಟ್ಟಿಕೊಂಡು ಬರುತ್ತದೆ.

ವೇಗದ ಬ್ಲಾಸ್ ಇದ್ದೂ ನಿಧಾನವಾದರೆ ದಾರಗಳ (ಥ್ರೆಡ್‌ಗಳ) ಜಗಳವನ್ನು ಶಂಕಿಸಿ. ಎಂಟು ಕೋರ್‌ಗಳ ಯಂತ್ರದಲ್ಲಿ ನೀವು ಎಂಟು ಪ್ರಕ್ರಿಯೆಗಳನ್ನು ಹುಟ್ಟಿಸಿ, ಪ್ರತಿಯೊಂದರಲ್ಲೂ ಓಪನ್‌ಬ್ಲಾಸ್ ಎಂಟು ದಾರಗಳನ್ನು ಹುಟ್ಟಿಸಿದರೆ 64 ದಾರಗಳು ಎಂಟು ಕೋರ್‌ಗಳಿಗಾಗಿ ತಳ್ಳಾಡುತ್ತವೆ. ಓಪನ್‌ಬ್ಲಾಸ್-ನಮ್-ಥ್ರೆಡ್ಸ್ ಎಂಬ ಪರಿಸರ ಚರವನ್ನು, ದೊಡ್ಡಕ್ಷರಗಳಲ್ಲಿ ಅಡಿಗೆರೆ ಕೂಡಿಸಿ ಬರೆದು, 1 ಎಂದು ಇಟ್ಟು ನೋಡಿ.

ಪ್ರಶ್ನೆ: ಫೆಡೋರಾದಲ್ಲಿ ಅಪ್‌ಡೇಟ್-ಆಲ್ಟರ್ನೇಟಿವ್ಸ್ ಹೇಳಿದಂತೆ ನಡೆಯುವುದಿಲ್ಲವೇಕೆ?

ಫೆಡೋರಾ 2020ರಲ್ಲಿ ಬಂದ ತನ್ನ 33ನೇ ಆವೃತ್ತಿಯಿಂದ ಫ್ಲೆಕ್ಸಿಬ್ಲಾಸ್ ಎಂಬ ಮಧ್ಯವರ್ತಿ ಲೈಬ್ರರಿಯನ್ನು ಬಳಸುತ್ತಿದೆ. ಪ್ಯಾಕೇಜುಗಳೆಲ್ಲ ಇದಕ್ಕೆ ಕೊಂಡಿ ಹಾಕಿಕೊಂಡಿರುತ್ತವೆ; ಇದು ನಡೆಯುವ ಹೊತ್ತಿನಲ್ಲಿ ನೀವು ಹೇಳಿದ ಬ್ಲಾಸ್‌ಗೆ ಕೆಲಸವನ್ನು ದಾಟಿಸುತ್ತದೆ. ಫ್ಲೆಕ್ಸಿಬ್ಲಾಸ್ ಲಿಸ್ಟ್ ಎಂದರೆ ಲಭ್ಯವಿರುವವು ಕಾಣುತ್ತವೆ. ನನ್ನ ಮಟ್ಟಿಗೆ ಇದು ಡೆಬಿಯನ್ ಪದ್ಧತಿಗಿಂತ ಅಚ್ಚುಕಟ್ಟು, ಏಕೆಂದರೆ ನಿರ್ವಾಹಕರ ಅನುಮತಿಯಿಲ್ಲದೆ ಬಳಕೆದಾರರೇ ತಮಗೆ ಬೇಕಾದುದನ್ನು ಆರಿಸಿಕೊಳ್ಳಬಹುದು.

ರಾಕಿ ಲಿನಕ್ಸ್, ಆಲ್ಮಾ ಲಿನಕ್ಸ್‌ಗಳಲ್ಲಿ ವೈಜ್ಞಾನಿಕ ಪ್ಯಾಕೇಜುಗಳು ಮೂಲ ಭಂಡಾರದಲ್ಲಿ ಕಡಿಮೆ. ಎಪೆಲ್ ಭಂಡಾರವನ್ನು ಸೇರಿಸಿ, ಜೊತೆಗೆ ಸಿಆರ್‌ಬಿ ಭಂಡಾರವನ್ನೂ ಸಕ್ರಿಯಗೊಳಿಸಬೇಕು. ಎರಡನೆಯದನ್ನು ಮರೆತು, ಕಂಪೈಲ್‌ಗೆ ಬೇಕಾದ ಹೆಡರ್ ಕಡತಗಳಿರುವ ಡೆವೆಲ್ ಪ್ಯಾಕೇಜು ಸಿಗುತ್ತಿಲ್ಲವೆಂದು ಪರದಾಡುವವರೇ ಹೆಚ್ಚು.

ಪ್ರಶ್ನೆ: ಹಳೆಯ ಸರ್ವರ್‌ನಲ್ಲಿ ಜಿಲಿಬ್‌ಸಿಯ ಇಂಥ ಆವೃತ್ತಿ ಸಿಗಲಿಲ್ಲ ಎಂಬ ದೋಷ. ಜಿಲಿಬ್‌ಸಿಯನ್ನು ಹೊಸದಾಗಿ ಹಾಕಬಹುದೇ?

ದಯವಿಟ್ಟು ಬೇಡ. ವ್ಯವಸ್ಥೆಯ ಬಹುತೇಕ ಎಲ್ಲ ಪ್ರೋಗ್ರಾಂಗಳೂ ಆ ಸಿ ಲೈಬ್ರರಿಯ ಮೇಲೆ ನಿಂತಿವೆ; ಅದನ್ನು ಕೈಯಾರೆ ಬದಲಿಸಿದರೆ ಎಲ್‌ಎಸ್ ಆದೇಶವೂ ನಡೆಯದ ಸ್ಥಿತಿ ಬರುತ್ತದೆ. ಹೊಸ ವ್ಯವಸ್ಥೆಯಲ್ಲಿ ಕಂಪೈಲ್ ಆದದ್ದು ಹಳೆಯದರಲ್ಲಿ ಸಾಮಾನ್ಯವಾಗಿ ನಡೆಯದು, ಹಳೆಯದರಲ್ಲಿ ಕಂಪೈಲ್ ಆದದ್ದು ಹೊಸದರಲ್ಲಿ ನಡೆಯುತ್ತದೆ. 2024ರ ಜೂನ್ 30ರಂದು ಬೆಂಬಲ ಮುಗಿದ ಸೆಂಟ್‌ಓಎಸ್ 7ರಲ್ಲಿ ಇರುವುದು ಜಿಲಿಬ್‌ಸಿ 2.17, ಡೆಬಿಯನ್ 12ರಲ್ಲಿ 2.36. ನಿಮ್ಮದನ್ನು ಎಲ್‌ಡಿಡಿ ಆದೇಶಕ್ಕೆ ವರ್ಷನ್ ಆಯ್ಕೆ ಕೊಟ್ಟು ತಿಳಿಯಬಹುದು. ಆಮೇಲಿನ ದಾರಿಗಳು ಮೂರು: ತಂತ್ರಾಂಶದ ಹಳೆಯ ಆವೃತ್ತಿಯನ್ನು ತರುವುದು, ಅದೇ ಯಂತ್ರದಲ್ಲಿ ಕಂಪೈಲ್ ಮಾಡುವುದು, ಅಥವಾ ಆಪ್‌ಟೈನರ್‌ನಂಥ ಕಂಟೇನರ್‌ನೊಳಗೆ ಹೊಸ ವಿತರಣೆಯನ್ನು ಕೂರಿಸಿ ನಡೆಸುವುದು. ಹಂಚಿಕೆಯ ಕ್ಲಸ್ಟರ್‌ಗಳಲ್ಲಿ ಮೂರನೆಯದೇ ಕಡಿಮೆ ತಲೆನೋವಿನದು.

ಪ್ರಶ್ನೆ: ಆಲ್ಪೈನ್‌ನಲ್ಲಿ ಪಿಪ್ ಗಂಟೆಗಟ್ಟಲೆ ಏನನ್ನೋ ಕಂಪೈಲ್ ಮಾಡುತ್ತಿದೆ. ಬೇರೆಡೆ ಕ್ಷಣದಲ್ಲಿ ಮುಗಿಯುತ್ತಿತ್ತಲ್ಲ?

ಆಲ್ಪೈನ್ ಬಳಸುವುದು ಜಿಲಿಬ್‌ಸಿ ಅಲ್ಲ, ಮಸಲ್ ಎಂಬ ಬೇರೊಂದು ಸಿ ಲೈಬ್ರರಿ. ಮೆನಿಲಿನಕ್ಸ್ ಎಂಬ ಹೆಸರು ಹೊತ್ತ ಸಿದ್ಧ ವ್ಹೀಲ್ ಕಡತಗಳು (ಮೊದಲೇ ಕಂಪೈಲ್ ಆದ ಪೈಥಾನ್ ಪ್ಯಾಕೇಜುಗಳು) ಅಲ್ಲಿ ಹೊಂದುವುದಿಲ್ಲ. ಮಸಲ್‌ಲಿನಕ್ಸ್ ಎಂಬ ಬೇರೆ ಬಗೆಯ ವ್ಹೀಲ್‌ಗಳಿಗೆ 2021ರಲ್ಲಿ ಮಾನದಂಡ ಬಂದಿದ್ದು, ನಮ್‌ಪೈಯಂಥ ದೊಡ್ಡ ಯೋಜನೆಗಳು ಅವನ್ನು ಕೊಡುತ್ತವೆ, ಸಣ್ಣ ಯೋಜನೆಗಳಲ್ಲಿ ಅನೇಕವು ಕೊಡುವುದಿಲ್ಲ. ಅವು ಇಲ್ಲದಿದ್ದರೆ ಪಿಪ್ ಮೂಲ ಸಂಕೇತವನ್ನು ತಂದು ಕಂಪೈಲ್ ಮಾಡಲು ಕೂರುತ್ತದೆ. ಆಲ್ಪೈನ್‌ನ ಸ್ವಂತ ಎಪಿಕೆ ಭಂಡಾರದಲ್ಲಿ ಇರುವುದನ್ನು ಅಲ್ಲಿಂದಲೇ ತನ್ನಿ. ಕಂಟೇನರ್ ಚಿಕ್ಕದಾಗಲೆಂದು ಆಲ್ಪೈನ್ ಆರಿಸಿ, ಅದರೊಳಗೆ ಕಂಪೈಲರ್‌ಗಳನ್ನೆಲ್ಲ ತುಂಬಿ, ಕೊನೆಗೆ ಡೆಬಿಯನ್‌ಗಿಂತ ದೊಡ್ಡ ಕಂಟೇನರ್ ಮಾಡಿಕೊಂಡವರನ್ನು ಕಂಡಿದ್ದೇನೆ.

ಪ್ರಶ್ನೆ: ಬಿಎಸ್‌ಡಿ ವ್ಯವಸ್ಥೆಗಳಲ್ಲಿ ಇವೆಲ್ಲ ಸಿಗುತ್ತವೆಯೇ?

ಬಹುಪಾಲು ಸಿಗುತ್ತವೆ. ಫ್ರೀಬಿಎಸ್‌ಡಿಯಲ್ಲಿ ಪಿಕೆಜಿ ಇನ್‌ಸ್ಟಾಲ್ ಆಕ್ಟೇವ್ ಎಂದರೆ ಆಕ್ಟೇವ್ ಬರುತ್ತದೆ. ಪೈಥಾನ್ ಪ್ಯಾಕೇಜುಗಳ ಹೆಸರಿನ ಮುಂದೆ ಪಿವೈ ಮತ್ತು ಪೈಥಾನ್ ಆವೃತ್ತಿಯ ಅಂಕೆಗಳು ಇರುವುದರಿಂದ ಮೊದಲು ಪಿಕೆಜಿ ಸರ್ಚ್ ಮಾಡಿ ನೋಡುವುದು ಒಳಿತು. ಪಿಕೆಜಿ ಮೊದಲಿಗೆ ಮೂರು ತಿಂಗಳಿಗೊಮ್ಮೆ ಕವಲೊಡೆಯುವ ಕ್ವಾರ್ಟರ್ಲಿ ಭಂಡಾರವನ್ನು ನೋಡುತ್ತದೆ. ಹೊಸತು ಬೇಕಾದರೆ ಲೇಟೆಸ್ಟ್ ಎಂಬುದಕ್ಕೆ ಬದಲಿಸಿಕೊಳ್ಳಬೇಕು. ಪಿಪ್ ಪ್ಯಾಕೇಜು ತರುವ ಭಂಡಾರವಾದ ಪೈಪಿಐಯಲ್ಲಿ ಫ್ರೀಬಿಎಸ್‌ಡಿಗೆ ಸಿದ್ಧ ವ್ಹೀಲ್‌ಗಳು ಇಲ್ಲದ ಕಾರಣ ಸಿ ಅಥವಾ ಫೋರ್ಟ್ರಾನ್ ಭಾಗವಿರುವ ಪ್ಯಾಕೇಜನ್ನು ಪಿಪ್ ಯಾವಾಗಲೂ ಕಂಪೈಲ್ ಮಾಡಲು ಹೊರಡುತ್ತದೆ. ಆದ್ದರಿಂದ ಇಲ್ಲಿ ಪಿಕೆಜಿಯನ್ನೇ ನಂಬಿಕೊಳ್ಳಿ.

ಸ್ವಂತ ಫೋರ್ಟ್ರಾನ್ ಪ್ರೋಗ್ರಾಂ ಕಂಪೈಲ್ ಮಾಡುವವರಿಗೆ ಎರಡು ಮಾತು. ಮೂಲ ವ್ಯವಸ್ಥೆಯಲ್ಲಿರುವುದು ಕ್ಲಾಂಗ್. ಜಿಫೋರ್ಟ್ರಾನ್ ಬೇಕಾದರೆ ಜಿಸಿಸಿ ಪ್ಯಾಕೇಜನ್ನು ಹಾಕಬೇಕು. ಹಾಗೆ ಕಟ್ಟಿದ ಪ್ರೋಗ್ರಾಂ, ಓಡಿಸಿದಾಗ ಲಿಬ್‌ಜಿಸಿಸಿ-ಎಸ್ ಕಡತದ ಆವೃತ್ತಿ ಸರಿಯಿಲ್ಲವೆಂದು ನಿಲ್ಲಬಹುದು, ಏಕೆಂದರೆ ಮೂಲ ವ್ಯವಸ್ಥೆಯಲ್ಲಿಯೂ ಅದೇ ಹೆಸರಿನ ಕಡತವಿದ್ದು ಅದೇ ಮೊದಲು ಸಿಗುತ್ತದೆ. ಲಿಂಕ್ ಮಾಡುವಾಗ ಆರ್‌ಪಾತ್ ಆಯ್ಕೆಯಲ್ಲಿ ಜಿಸಿಸಿ ಪ್ಯಾಕೇಜಿನ ಲೈಬ್ರರಿ ಕಡತಕೋಶವನ್ನು ಸೂಚಿಸಿದರೆ ಇದು ಬಗೆಹರಿಯುತ್ತದೆ. ಇನ್ನೊಂದು: ಲಿನಕ್ಸ್‌ಗೆಂದು ಬರೆದ ಮೇಕ್‌ಫೈಲ್‌ಗಳಿಗೆ ಮೇಕ್ ಬದಲು ಜಿಮೇಕ್ ಬೇಕು.

ಓಪನ್‌ಬಿಎಸ್‌ಡಿಯಲ್ಲಿ ಪಿಕೆಜಿ-ಆಡ್ ಇದೆ. ಅಲ್ಲಿ ದೊಡ್ಡ ಮ್ಯಾಟ್ರಿಕ್ಸ್ ಮಾಡಹೊರಟಾಗ, ಯಂತ್ರದಲ್ಲಿ ಮೆಮೊರಿ ಸಾಕಷ್ಟಿದ್ದರೂ ಸಾಲದೆಂದು ಪ್ರೋಗ್ರಾಂ ಸಾಯುತ್ತದೆ. ಲಾಗಿನ್-ಡಾಟ್-ಕಾನ್ಫ್ ಕಡತದಲ್ಲಿ ಪ್ರತಿ ಬಳಕೆದಾರ ವರ್ಗಕ್ಕೂ ಡೇಟಾಸೈಜ್ ಮಿತಿ ಇದೆ. ನಿಮ್ಮ ವರ್ಗದ ಮಿತಿಯನ್ನು ಏರಿಸಿ, ಹೊರಹೋಗಿ ಮತ್ತೆ ಲಾಗಿನ್ ಆಗಬೇಕು. ನೆಟ್‌ಬಿಎಸ್‌ಡಿಯ ಪಿಕೆಜಿಎಸ್‌ಆರ್‌ಸಿಗೆ ಒಂದು ವಿಶೇಷವಿದೆ: ಅದು ಲಿನಕ್ಸ್‌ನಲ್ಲೂ ನಡೆಯುತ್ತದೆ, ಅದಕ್ಕೆ ನಿರ್ವಾಹಕರ ಅನುಮತಿಯೂ ಬೇಕಿಲ್ಲ.

ಪ್ರಶ್ನೆ: ಆರ್ಚ್‌ನಲ್ಲಿ ಒಂದೇ ಒಂದು ಪ್ಯಾಕೇಜನ್ನು ಹೊಸದಾಗಿಸಿದೆ, ಈಗ ಏನೂ ತೆರೆಯುತ್ತಿಲ್ಲ.

ಆರ್ಚ್ ಅರ್ಧಂಬರ್ಧ ಅಪ್‌ಡೇಟನ್ನು ಬೆಂಬಲಿಸುವುದಿಲ್ಲ. ಪ್ಯಾಕ್‌ಮ್ಯಾನ್‌ಗೆ ಹೈಫನ್ ಎಸ್‌ವೈಯು (ಎಸ್ ಮಾತ್ರ ದೊಡ್ಡಕ್ಷರ) ಕೊಟ್ಟು ಪೂರ್ತಿ ನವೀಕರಿಸಿ. ಎಯುಆರ್ ಎಂಬ ಬಳಕೆದಾರರ ಭಂಡಾರದಿಂದ ತಂದು ನೀವೇ ಕಟ್ಟಿದ ಪೈಥಾನ್ ಪ್ಯಾಕೇಜುಗಳನ್ನು, ಪೈಥಾನ್ 3.12ರಿಂದ 3.13ಕ್ಕೆ ಹೋದಂತೆ ಆವೃತ್ತಿ ಬದಲಾದಾಗಲೆಲ್ಲ ಮರಳಿ ಕಟ್ಟಬೇಕು.

ಪ್ರಶ್ನೆ: ನಿಕ್ಸ್‌ಓಎಸ್‌ನಲ್ಲಿ ಪಿಪ್‌ನಿಂದ ಬಂದ ನಮ್‌ಪೈ, ಕಣ್ಣೆದುರಿಗೇ ಇರುವ ಲೈಬ್ರರಿಯನ್ನು ಕಾಣುವುದಿಲ್ಲ ಎನ್ನುತ್ತದೆ.

ಅಲ್ಲಿ ಲೈಬ್ರರಿಗಳು ರೂಢಿಯ ಜಾಗದಲ್ಲಿ ಇರುವುದಿಲ್ಲ, ನಿಕ್ಸ್ ಸ್ಟೋರ್‌ನೊಳಗೆ ಪ್ರತ್ಯೇಕ ಕಡತಕೋಶಗಳಲ್ಲಿರುತ್ತವೆ. ಹೊರಗೆ ಕಂಪೈಲ್ ಆದ ವ್ಹೀಲ್‌ಗೆ ಅದು ಗೊತ್ತಿಲ್ಲ. ಪ್ಯಾಕೇಜುಗಳನ್ನು ನಿಕ್ಸ್‌ಪ್ಯಾಕೇಜಸ್‌ನಿಂದಲೇ ತೆಗೆದುಕೊಳ್ಳುವುದು ಮೊದಲ ಆಯ್ಕೆ, ನಿಕ್ಸ್-ಎಲ್‌ಡಿ ಎರಡನೆಯದು.

ಪ್ರಶ್ನೆ: ಕೊಂಡಾ ಹಾಕಿದ ಮೇಲೆ ವ್ಯವಸ್ಥೆಯ ಬೇರೆ ಪ್ರೋಗ್ರಾಂಗಳು ಕೈಕೊಡುತ್ತಿವೆ. ಸಂಬಂಧವೇನು?

ಬ್ಯಾಷ್-ಆರ್‌ಸಿ ಕಡತವನ್ನು ತೆರೆದು, ಎಲ್‌ಡಿ-ಲೈಬ್ರರಿ-ಪಾತ್ ಎಂಬ ಚರಕ್ಕೆ ಕೊಂಡಾದ ಲಿಬ್ ಕಡತಕೋಶವನ್ನು ಸೇರಿಸಿದ ಸಾಲಿದೆಯೇ ನೋಡಿ. ಎಲ್ಲೋ ಓದಿ ನಕಲಿಸಿದ ಆ ಒಂದು ಸಾಲಿನಿಂದಾಗಿ ವ್ಯವಸ್ಥೆಯ ಎಲ್ಲ ಪ್ರೋಗ್ರಾಂಗಳೂ ತಮ್ಮ ಸಿ++ ಲೈಬ್ರರಿಯನ್ನು ಬಿಟ್ಟು ಕೊಂಡಾದ್ದನ್ನು ಎತ್ತಿಕೊಳ್ಳುತ್ತವೆ, ಬೇಕಾದ ಜಿಎಲ್‌ಐಬಿಸಿಎಕ್ಸ್‌ಎಕ್ಸ್ ಆವೃತ್ತಿ ಸಿಗದೆ ಬೀಳುತ್ತವೆ. ಸಾಲನ್ನು ಅಳಿಸಿ. ಸರಿಯಾಗಿ ಕಟ್ಟಿದ ಕೊಂಡಾ ಪ್ಯಾಕೇಜಿಗೆ ಆ ಚರ ಬೇಕಾಗುವುದೇ ಇಲ್ಲ. ಹೊಸದಾಗಿ ಆರಂಭಿಸುವವರು ಮಿನಿಫೋರ್ಜ್ ಹಾಕಿಕೊಳ್ಳುವುದು ಮೇಲು. ಅದು ಸಮುದಾಯವೇ ನಡೆಸುವ ಕೊಂಡಾ-ಫೋರ್ಜ್ ಚಾನೆಲನ್ನು ಬಳಸುತ್ತದೆ. ಅನಕೊಂಡಾ ಕಂಪನಿಯ ಡಿಫಾಲ್ಟ್ಸ್ ಚಾನೆಲ್‌ಗೆ ದೊಡ್ಡ ಸಂಸ್ಥೆಗಳು ಶುಲ್ಕ ಕಟ್ಟಬೇಕೆಂಬ ನಿಬಂಧನೆಗಳಿರುವುದರಿಂದ ಕಚೇರಿಯಲ್ಲಿ ಬಳಸುವ ಮುನ್ನ ಅವನ್ನು ಓದಿಕೊಳ್ಳಬೇಕು.

ಪ್ರಶ್ನೆ: ಆರ್‌ನಲ್ಲಿ ಪ್ಯಾಕೇಜು ಹಾಕಲು ಹೋದರೆ ನೂರಾರು ಸಾಲು ಹರಿದು ಕೊನೆಗೆ ವಿಫಲವಾಗುತ್ತದೆ.

ಆರ್ ಪ್ಯಾಕೇಜುಗಳ ಕ್ರಾನ್ ಭಂಡಾರವು ವಿಂಡೋಸ್ ಮತ್ತು ಮ್ಯಾಕ್‌ಗಳಿಗೆ ಸಿದ್ಧ ಪ್ಯಾಕೇಜು ಕೊಡುತ್ತದೆ, ಲಿನಕ್ಸ್‌ಗೆ ಮೂಲ ಸಂಕೇತ ಕೊಡುತ್ತದೆ. ಆದ್ದರಿಂದ ಕಂಪೈಲ್ ಆಗಲು ಬೇಕಾದ ಹೆಡರ್ ಕಡತಗಳು ನಿಮ್ಮಲ್ಲಿರಬೇಕು: ಡೆಬಿಯನ್ ಬಳಗದಲ್ಲಿ ಅವು ಡೆವ್ ಎಂದು ಕೊನೆಯಾಗುವ ಪ್ಯಾಕೇಜುಗಳಲ್ಲಿ, ಫೆಡೋರಾ ಬಳಗದಲ್ಲಿ ಡೆವೆಲ್ ಎಂದು ಕೊನೆಯಾಗುವವುಗಳಲ್ಲಿ ಸಿಗುತ್ತವೆ. ದೋಷದ ಕೊನೆಯ ಸಾಲನ್ನು ಓದಿ ಪ್ರಯೋಜನವಿಲ್ಲ. ಮೇಲಕ್ಕೆ ಹೋಗಿ, ಮೊದಲು ಕಾಣುವ ದೋಷವನ್ನು ಓದಿ. ಕರ್ಲ್ ಅಥವಾ ಎಕ್ಸ್‌ಎಂಎಲ್2 ಲೈಬ್ರರಿ ಸಿಗಲಿಲ್ಲವೆಂದು ಅಲ್ಲಿ ಬರೆದಿರುತ್ತದೆ. ಇಷ್ಟು ಕಷ್ಟ ಬೇಡವೆನಿಸಿದರೆ ಡೆಬಿಯನ್‌ನಲ್ಲಿ ಆರ್-ಕ್ರಾನ್ ಎಂದು ಆರಂಭವಾಗುವ ಸಿದ್ಧ ಪ್ಯಾಕೇಜುಗಳಿವೆ.

ಪ್ರಶ್ನೆ: ಎಂಪಿಐ ಪ್ರೋಗ್ರಾಂ ಎಂಟು ಪ್ರಕ್ರಿಯೆಗಳಲ್ಲಿ ನಡೆಯುತ್ತದೆ, ಆದರೆ ಎಂಟೂ ತಮ್ಮ ಕ್ರಮಾಂಕ ಸೊನ್ನೆ ಎನ್ನುತ್ತವೆ. ಇದೇನು?

ಇದು ನನ್ನ ಒಂದು ಇಡೀ ಸಂಜೆಯನ್ನು ತಿಂದ ದೋಷ. ಪರದೆಯ ಮೇಲೆ, ಒಟ್ಟು 1ರಲ್ಲಿ ನನ್ನದು 0 ಎಂಬ ಸಾಲು ಎಂಟು ಬಾರಿ ಮೂಡಿತ್ತು. ನಾನು ನನ್ನ ಪ್ರೋಗ್ರಾಂನಲ್ಲೇ ತಪ್ಪು ಹುಡುಕುತ್ತಿದ್ದೆ. ಎಂಪಿಚ್ ಮತ್ತು ಓಪನ್ ಎಂಪಿಐ ಎಂಬುವು ಎಂಪಿಐಯ ಎರಡು ಬೇರೆ ಅಳವಡಿಕೆಗಳು. ಪ್ರೋಗ್ರಾಂ ಎಂಪಿಚ್‌ನಲ್ಲಿ ಕಂಪೈಲ್ ಆಗಿತ್ತು, ಓಡಿಸಿದ್ದು ಓಪನ್ ಎಂಪಿಐಯ ಎಂಪಿಐರನ್. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದೆ, ಎಂಟೂ ಪ್ರಕ್ರಿಯೆಗಳು ತಾನೊಬ್ಬನೇ ಇರುವುದೆಂದು ಬಗೆದು ಪೂರ್ತಿ ಲೆಕ್ಕವನ್ನು ಎಂಟು ಬಾರಿ ಮಾಡಿದ್ದವು. ಎಂಪಿಐಸಿಸಿ ಮತ್ತು ಎಂಪಿಐರನ್ ಎರಡನ್ನೂ ವಿಚ್ ಆದೇಶದಿಂದ ಕೇಳಿ, ಇಬ್ಬರೂ ಒಂದೇ ಮನೆಯವರೆಂದು ಖಚಿತಪಡಿಸಿಕೊಳ್ಳಿ. ಫೆಡೋರಾದಲ್ಲಿ ಪ್ಯಾಕೇಜು ಹಾಕಿದ ಮೇಲೂ ಎಂಪಿಐರನ್ ಸಿಗದಿದ್ದರೆ ಗಾಬರಿ ಬೇಡ, ಮಾಡ್ಯೂಲ್ ಲೋಡ್ ಮಾಡಿದ ಮೇಲಷ್ಟೇ ಅದು ಕಾಣುತ್ತದೆ.

ಪ್ರಶ್ನೆ: ಜಿಪಿಯು ಬಳಸಲು ಎನ್ವಿಡಿಯಾದ ಕುಡಾ ಟೂಲ್‌ಕಿಟ್ ಹಾಕಲೇಬೇಕೇ?

ಸ್ವಂತ ಕುಡಾ ಪ್ರೋಗ್ರಾಂ ಕಂಪೈಲ್ ಮಾಡದಿದ್ದರೆ ಬೇಡ. ಪೈಟಾರ್ಚ್‌ನ ವ್ಹೀಲ್‌ಗಳು ತಮಗೆ ಬೇಕಾದ ಕುಡಾ ಲೈಬ್ರರಿಗಳನ್ನು ತಾವೇ ತರಿಸಿಕೊಳ್ಳುತ್ತವೆ. ವ್ಯವಸ್ಥೆಯಲ್ಲಿ ಇರಬೇಕಾದದ್ದು ಎನ್ವಿಡಿಯಾ ಡ್ರೈವರ್ ಮಾತ್ರ. ಎನ್ವಿಡಿಯಾ-ಎಸ್‌ಎಂಐ ತೋರಿಸುವ ಕುಡಾ ಆವೃತ್ತಿಯು ಆ ಡ್ರೈವರ್ ತಾಳಬಲ್ಲ ಗರಿಷ್ಠ ಆವೃತ್ತಿಯೇ ಹೊರತು ನಿಮ್ಮಲ್ಲಿ ಹಾಕಿರುವುದರ ಆವೃತ್ತಿಯಲ್ಲ. ಕರ್ನಲ್ ನವೀಕರಣದ ನಂತರ ಡ್ರೈವರ್ ಕಾಣೆಯಾದರೆ ಕರ್ನಲ್ ಹೆಡರ್‌ಗಳು ಇವೆಯೇ, ಸೆಕ್ಯೂರ್ ಬೂಟ್ ಸಹಿಯಿಲ್ಲದ ಮಾಡ್ಯೂಲನ್ನು ತಡೆಯುತ್ತಿದೆಯೇ ಎಂಬ ಎರಡನ್ನು ನೋಡಿ. ಫ್ರೀಬಿಎಸ್‌ಡಿಗೆ ಎನ್ವಿಡಿಯಾದ ಚಿತ್ರ ಡ್ರೈವರ್ ಇದೆ, ಆದರೆ ಆ ವ್ಯವಸ್ಥೆಗೆಂದೇ ಕಟ್ಟಿದ ಕುಡಾ ಇಲ್ಲ.

ಪ್ರಶ್ನೆ: ಕಂಪೈಲ್ ಮಧ್ಯದಲ್ಲೇ ಕಿಲ್ಡ್ ಎಂದು ನಿಲ್ಲುತ್ತದೆ.

ಮೆಮೊರಿ ಮುಗಿದಿದೆ. ದೊಡ್ಡ ಸಿ++ ಕಡತವೊಂದನ್ನು ಕಂಪೈಲ್ ಮಾಡಲು ಒಂದೆರಡು ಗಿಗಾಬೈಟ್ ಬೇಕಾಗುವುದುಂಟು. ಮೇಕ್‌ಗೆ ಹೈಫನ್ ಜೆ ಆಯ್ಕೆಯಲ್ಲಿ 16 ಎಂದಿದ್ದರೆ ಅದನ್ನು ಹದಿನಾರರಿಂದ ಗುಣಿಸಿ. ಸಂಖ್ಯೆಯನ್ನು 2ಕ್ಕೋ 4ಕ್ಕೋ ಇಳಿಸಿ.

ಪ್ರಶ್ನೆ: ಹಾಕಿದ್ದು ಸರಿಯಿದೆಯೆಂದು ಪರೀಕ್ಷಿಸುವುದು ಹೇಗೆ? ಎರಡು ಯಂತ್ರಗಳ ಉತ್ತರದ ಕೊನೆಯ ಅಂಕೆಗಳು ಬೇರೆಯಾದರೆ ಒಂದು ತಪ್ಪೇ?

ನಮ್‌ಪೈ, ಸೈಪೈಗಳಲ್ಲಿ ಟೆಸ್ಟ್ ಎಂಬ ಕಾರ್ಯವೇ ಇದೆ. ಅದಕ್ಕೆ ಪೈಟೆಸ್ಟ್ ಮತ್ತು ಹೈಪಾಥಿಸಿಸ್ ಪ್ಯಾಕೇಜುಗಳು ಬೇಕು. ಅದಕ್ಕಿಂತ ಬೇಗನೆ ನೋಡಬೇಕೆಂದರೆ ಯಾದೃಚ್ಛಿಕ ಸಂಖ್ಯೆಗಳ ಸಮೀಕರಣ ಗುಂಪೊಂದನ್ನು ಬಿಡಿಸಿ, ಬಂದ ಉತ್ತರವನ್ನು ಸಮೀಕರಣಗಳಲ್ಲಿ ಮರಳಿ ಇಟ್ಟು ಉಳಿಯುವ ವ್ಯತ್ಯಾಸವನ್ನು ಅಳೆಯಿರಿ. ಸರಿಯಾದದ್ದನ್ನು ಕಂಡ ದಿನವೇ ಪಿಪ್ ಫ್ರೀಜ್ ಅಥವಾ ಕೊಂಡಾದ ಎಕ್ಸ್‌ಪೋರ್ಟ್ ಪಟ್ಟಿಯನ್ನು, ಬಳಸಿದ ಬ್ಲಾಸ್‌ನ ಹೆಸರಿನೊಂದಿಗೆ, ಯೋಜನೆಯ ಜೊತೆಗೇ ಉಳಿಸಿಡಿ.

ಕೊನೆಯ ಅಂಕೆಗಳು ಬೇರೆಯಾಗುವುದು ತಪ್ಪಲ್ಲ. ಬೇರೆ ಬೇರೆ ಬ್ಲಾಸ್‌ಗಳು, ಒಂದೇ ಬ್ಲಾಸ್ ಬೇರೆ ಬೇರೆ ಸಂಖ್ಯೆಯ ದಾರಗಳಲ್ಲಿ, ಕೂಡುವ ಕ್ರಮವನ್ನು ಬದಲಿಸುತ್ತವೆ, ಮತ್ತು ಯಂತ್ರದ ದಶಮಾಂಶ ಸಂಕಲನದಲ್ಲಿ ಕ್ರಮ ಬದಲಾದರೆ ಉತ್ತರ ಬದಲಾಗುತ್ತದೆ. ಪೈಥಾನ್‌ನಲ್ಲೇ ಮಾಡಿ ನೋಡಿ: 1.0ಕ್ಕೆ ಹತ್ತರ 16ನೇ ಘಾತವನ್ನು ಕೂಡಿಸಿ ಅದನ್ನೇ ಕಳೆದರೆ 0 ಬರುತ್ತದೆ. ದೊಡ್ಡ ಸಂಖ್ಯೆಯಿಂದ ಅದನ್ನೇ ಮೊದಲು ಕಳೆದು ಆಮೇಲೆ 1.0 ಕೂಡಿಸಿದರೆ 1 ಬರುತ್ತದೆ. ಆದ್ದರಿಂದ ಎರಡು ಯಂತ್ರಗಳ ಫಲಿತಾಂಶವನ್ನು ಸಮ ಚಿಹ್ನೆಯಿಂದ ಹೋಲಿಸದೆ ನಮ್‌ಪೈಯ ಆಲ್‌ಕ್ಲೋಸ್‌ನಿಂದ ಹೋಲಿಸಬೇಕು, ಅದಕ್ಕೆ ಕೊಡುವ ಸಹ್ಯ ವ್ಯತ್ಯಾಸವನ್ನು ನಿಮ್ಮ ಸಮಸ್ಯೆಯ ಅಳತೆಗೆ ತಕ್ಕಂತೆ ನೀವೇ ನಿಗದಿಪಡಿಸಬೇಕು.